ಸೊಂಟದ ಪಿಸ್ತೂಲು ಯಾರನ್ನು ಕಾಯುತ್ತದೆ?

ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ 2024ರ ಏಪ್ರಿಲ್ 18ರಂದು ಹಾಡಹಗಲೇ ವಿದ್ಯಾರ್ಥಿನಿಯೊಬ್ಬಳನ್ನು ಚಾಕುವಿನಿಂದ ಇರಿದು ಕೊಲ್ಲಲಾಯಿತು. ತಿಂಗಳು ತುಂಬುವ ಮೊದಲೇ, ಮೇ 15ರ ನಸುಕಿನಲ್ಲಿ, ಇನ್ನೊಬ್ಬ ಯುವತಿ ತನ್ನ ಮನೆಯಲ್ಲೇ ಹಾಗೆಯೇ ಚಾಕುವಿಗೆ ಬಲಿಯಾದಳು. ಇಂಥದ್ದು ನಡೆದಾಗಲೆಲ್ಲ ಊರಿನ ಸಿಟ್ಟು ಎರಡು ಮಾತಾಗಿ ಹೊರಬರುತ್ತದೆ. ಆರೋಪಿಗೆ ಗುಂಡು ಹೊಡೆಯಿರಿ ಎನ್ನುವುದು ಒಂದು. ನಮ್ಮನ್ನು ನಾವೇ ಕಾಪಾಡಿಕೊಳ್ಳುತ್ತೇವೆ, ಪಿಸ್ತೂಲಿನ ಲೈಸೆನ್ಸ್ ಕೊಡಿ ಎನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ಪರ-ವಿರೋಧ ಸಾಕಷ್ಟು ನಡೆದಿದೆ. ಎರಡನೆಯದನ್ನು ಮಾತ್ರ ಯಾರೂ ತಡೆದು ಪ್ರಶ್ನಿಸುವುದಿಲ್ಲ. ಸರ್ಕಾರ ಕಾಯಲಿಲ್ಲವಾದರೆ ನಾನೇ ಕಾಯ್ದುಕೊಳ್ಳುತ್ತೇನೆ ಎನ್ನುವವನಿಗೆ ಬೇಡ ಎನ್ನುವುದು ಕಷ್ಟ. ಆದರೂ ಬೇಡ ಎನ್ನಬೇಕಾಗಿದೆ. ಅಂಗಿಯ ಮರೆಯಲ್ಲಿ ಅಡಗುವ ಪಿಸ್ತೂಲು ಹೊಂಚು ಹಾಕುವವನಿಗೆ ಒದಗುವಷ್ಟು, ಹೊಂಚಿಗೆ ಸಿಕ್ಕವನಿಗೆ ಒದಗುವುದಿಲ್ಲ. ಇದು ಅಹಿಂಸೆಯ ಉಪದೇಶದಿಂದ ಬಂದ ಮಾತಲ್ಲ. ಆಯುಧದ ಸ್ವಭಾವವನ್ನೂ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಅನುಭವವನ್ನೂ ನೋಡಿದರೆ ತೋರುವ ಸಂಗತಿ.

ನಮ್ಮ ಕಾನೂನಿಗೆ ಈ ವ್ಯತ್ಯಾಸ ಮೊದಲಿನಿಂದಲೂ ಗೊತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ತೆರೆದು 13ನೇ ಸೆಕ್ಷನ್ ನೋಡಿ. ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ಸಾದಾ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ, ಬಾಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆ ಕಾಯುವುದಕ್ಕೋ ಕೇಳಿದ ನಾಗರಿಕನಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಅಧಿಕಾರಿ ಪರವಾನಗಿ ಕೊಡತಕ್ಕದ್ದು ಎಂದು ಅದು ಹೇಳುತ್ತದೆ. ಪಿಸ್ತೂಲು, ರಿವಾಲ್ವರ್ ಕೇಳುವವನು ಮಾತ್ರ ತಕ್ಕ ಕಾರಣ ಕೊಟ್ಟು ಅಧಿಕಾರಿಯನ್ನು ಒಪ್ಪಿಸಬೇಕು. ಮೊಳಕ್ಕೂ ಉದ್ದದ ನಳಿಗೆಯನ್ನು ಯಾರೂ ಸೊಂಟಕ್ಕೆ ಸಿಕ್ಕಿಸಿಕೊಂಡು ದುರ್ಗದ ಬೈಲಿನ ಸಂತೆಗೆ ಹೋಗಲಾರರು. ಕಲಘಟಗಿ, ಅಳ್ನಾವರದ ಕಾಡಂಚಿನಲ್ಲಿ ಕಾಡುಹಂದಿಗೆ ಬೇಸತ್ತ ರೈತನ ಕೋವಿ ಹತ್ತು ಮಾರು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಕಾಣುವ ಆಯುಧಕ್ಕೆ ಸಡಿಲ, ಅಡಗುವ ಆಯುಧಕ್ಕೆ ಬಿಗಿ ಎಂಬ ಈ ಲೆಕ್ಕ ಸರಿಯಾಗಿಯೇ ಇದೆ.

ಅಡಗುವ ಆಯುಧ ಎಂಥದ್ದು ಎಂಬುದನ್ನು ಧಾರವಾಡ ನೋಡಿದೆ. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಕಲ್ಯಾಣ ನಗರದ ಮನೆಯ ಬಾಗಿಲು ತಟ್ಟಿದವರಿಗೆ ಡಾ. ಎಂ.ಎಂ. ಕಲಬುರ್ಗಿ ಬಾಗಿಲು ತೆರೆದರು. ಗುಂಡು ಹಾರಿತು, ಬಂದವರು ಬೈಕ್ ಏರಿ ಹೋದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ವಚನ ಮತ್ತು ಶಾಸನಗಳ ಸಂಶೋಧನೆಯಲ್ಲಿ ಬದುಕು ಸವೆಸಿದ 76ರ ಹಿರಿಯರು ಅವರು. ಬೆದರಿಕೆ ಇತ್ತು, ಕೆಲಕಾಲ ಪೊಲೀಸ್ ಕಾವಲೂ ಇತ್ತು, ಕೊಲೆಯಾದ ಹೊತ್ತಿಗೆ ಅದು ಇರಲಿಲ್ಲ. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಎರಡೂ ಕಡೆ ಬಳಕೆಯಾದದ್ದು 7.65 ಎಂ.ಎಂ.ನ ನಾಡ ಪಿಸ್ತೂಲು. ಎರಡೂ ಒಂದೇ ಎಂದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ಹೇಳಿತು. ಈಗ ಒಂದು ನಿಷ್ಠುರ ಪ್ರಶ್ನೆ ಕೇಳಿಕೊಳ್ಳೋಣ. ಕಲಬುರ್ಗಿಯವರ ಸೊಂಟದಲ್ಲಿ ಲೈಸೆನ್ಸ್ ಪಡೆದ ರಿವಾಲ್ವರ್ ಇದ್ದಿದ್ದರೆ? ಮನೆಗೆ ಬಂದವರು ಓದುಗರೋ ವಿದ್ಯಾರ್ಥಿಗಳೋ ಎಂದೇ ಭಾವಿಸುವ ಮೇಷ್ಟ್ರು, ಬಾಗಿಲು ತೆರೆಯುವ ಮೊದಲು ಆಯುಧ ಹಿಡಿದು ನಿಲ್ಲಬೇಕಿತ್ತು. ಪ್ರತಿ ದಿನ, ಪ್ರತಿ ಸಲ ಹಾಗೆ ನಿಲ್ಲಬೇಕಿತ್ತು. ಎದುರಿನವನ ಉದ್ದೇಶ ತಿಳಿಯುವುದಕ್ಕೂ ಗುಂಡು ತಗಲುವುದಕ್ಕೂ ನಡುವೆ ಇದ್ದದ್ದು ಕ್ಷಣ ಮಾತ್ರ. ಆ ಕ್ಷಣ ಕೊಲೆಗಾರನ ಪಾಲಿನದು, ಏಕೆಂದರೆ ಯಾವಾಗ, ಎಲ್ಲಿ ಎಂಬುದು ಅವನಿಗೆ ಮಾತ್ರ ಗೊತ್ತು. ಅವನ ಪಿಸ್ತೂಲು ಮರೆಯಲ್ಲಿದ್ದದ್ದರಿಂದಲೇ ಬಾಗಿಲು ತೆರೆಯಿತು. ಅದೇ ಮರೆ ಕಲಬುರ್ಗಿಯವರಿಗೆ ಯಾವ ಉಪಕಾರವನ್ನೂ ಮಾಡುತ್ತಿರಲಿಲ್ಲ.

ಚಾಕುವಿನ ವಿಚಾರಕ್ಕೂ ಈ ಮಾತು ಹೊಂದುತ್ತದೆ. ಹುಬ್ಬಳ್ಳಿಯ ಆ ಎರಡೂ ಕೊಲೆಗಳಲ್ಲಿ ಆರೋಪಿಗಳು ಸತ್ತವರಿಗೆ ಪರಿಚಿತರು. ಪರಿಚಿತ ಮುಖ ಹತ್ತಿರ ಬರುವಾಗ ಯಾವ ಹುಡುಗಿ ಚೀಲದಿಂದ ರಿವಾಲ್ವರ್ ತೆಗೆದು ನಿಲ್ಲುತ್ತಾಳೆ? ನಿಂತರೂ, ಬಂದವನು ಮಾತಾಡಲು ಬಂದಿದ್ದರೆ? ಅದಕ್ಕೂ ಮೊದಲು ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಪದವಿ ಓದುವ ಹೆಚ್ಚಿನ ಹುಡುಗಿಯರು ಅಲ್ಲೇ ಹೊರಗುಳಿಯುತ್ತಾರೆ. ಇನ್ನು ಬೆಲೆ. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗಾಗಿಯೇ ಎಂದು ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರನ್ನು 2014ರಲ್ಲಿ ಮಾರುಕಟ್ಟೆಗೆ ತಂದಿತು. ಆಗ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಬೆಳಗಿನ ಬಸ್ಸಿಗೆ ಓಡುವ ಗಾರ್ಮೆಂಟ್ಸ್ ಕೆಲಸದವಳಿಗೆ, ನಾಲ್ಕು ಮನೆಯ ಮುಸುರೆ ತಿಕ್ಕುವವಳಿಗೆ ಆ ಧೈರ್ಯ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಇಂಥ ಪ್ರಕರಣಗಳಲ್ಲಿ ಕೊಲೆಗೆ ಮುಂಚೆ ಸಾಮಾನ್ಯವಾಗಿ ಬೆನ್ನು ಹತ್ತಿದ್ದು, ಕಾಡಿದ್ದು, ಬೆದರಿಸಿದ್ದು ಇರುತ್ತದೆ. ಆ ಹಂತದಲ್ಲಿ ಠಾಣೆಯಲ್ಲಿ ದೂರು ಬರೆದುಕೊಳ್ಳುವವರು, ಬರೆದುಕೊಂಡದ್ದರ ಮೇಲೆ ಕ್ರಮ ಕೈಗೊಳ್ಳುವವರು ಇದ್ದರೆ ಜೀವ ಉಳಿಯುವ ಅವಕಾಶ ಇರುತ್ತದೆ. ರಿವಾಲ್ವರಿನ ಮಾತು ಎತ್ತಿದ ಕೂಡಲೇ ಆ ಹೊಣೆ ಠಾಣೆಯಿಂದ ಹುಡುಗಿಯ ಚೀಲಕ್ಕೆ ವರ್ಗವಾಗುತ್ತದೆ.

ಯಾರ ಬಳಿ ಆಯುಧ ಇದೆಯೋ ತಿಳಿಯದಿದ್ದರೆ ದುಷ್ಟರು ಎಲ್ಲರಿಗೂ ಹೆದರುತ್ತಾರೆ ಎಂಬ ವಾದವೊಂದಿದೆ. ಅಮೆರಿಕದಲ್ಲಿ ಜಾನ್ ಲಾಟ್ ಎಂಬ ಅರ್ಥಶಾಸ್ತ್ರಜ್ಞ 1998ರಲ್ಲಿ ಪುಸ್ತಕವನ್ನೇ ಬರೆದು ಇದನ್ನು ಜನಪ್ರಿಯಗೊಳಿಸಿದ. ನಮ್ಮಲ್ಲಿಯೂ ಕಾನೂನು ಮರೆಯನ್ನೇ ಬಯಸುತ್ತದೆ, ಆದರೆ ಬೇರೆ ಉದ್ದೇಶಕ್ಕೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಇದ್ದವರೂ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಮೈಗೆ ಕಟ್ಟಿದ ಒರೆಯಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿಟ್ಟುಕೊಳ್ಳಬೇಕು. ಝಳಪಿಸಕೂಡದು, ಮದುವೆ-ಮೆರವಣಿಗೆಗಳಲ್ಲಿ ಹಾರಿಸಕೂಡದು. ತೋರಿಸಿ ಹೆದರಿಸುವ ದರ್ಬಾರು ನಡೆಯಬಾರದು ಎಂಬುದು ಇದರ ಆಶಯ. ಇನ್ನು ಅಡಗಿದ ಆಯುಧದ ಭಯ ಹುಟ್ಟಬೇಕಾದರೆ ಆಯುಧಗಳ ಸಂಖ್ಯೆ ಎಷ್ಟಿರಬೇಕು? 2016ರ ಕೊನೆಗೆ ದೇಶದಲ್ಲಿ ಇದ್ದ ಪರವಾನಗಿಗಳು ಸುಮಾರು 33.7 ಲಕ್ಷ ಎಂದು ಕೇಂದ್ರ ಗೃಹ ಸಚಿವಾಲಯ ಲೆಕ್ಕ ಕೊಟ್ಟಿತ್ತು. ಉತ್ತರ ಪ್ರದೇಶವೊಂದರಲ್ಲೇ 12.77 ಲಕ್ಷ, ಕರ್ನಾಟಕದಲ್ಲಿ 1.13 ಲಕ್ಷ. ರಾಜ್ಯದ ಸರಾಸರಿಯನ್ನೇ 2011ರ ಜನಗಣತಿಯಲ್ಲಿ 9.43 ಲಕ್ಷ ಜನರಿದ್ದ ಹುಬ್ಬಳ್ಳಿ-ಧಾರವಾಡಕ್ಕೆ ಹಚ್ಚಿದರೆ ಎರಡು ಸಾವಿರ ಪರವಾನಗಿಯೂ ಆಗುವುದಿಲ್ಲ. ಈ ಪ್ರಮಾಣಕ್ಕೆ ಯಾವ ಕಳ್ಳನೂ ಹೆದರುವುದಿಲ್ಲ. ಹೆದರುವಷ್ಟು ಮಾಡಬೇಕಾದರೆ ನಗರದೊಳಗೆ ಲಕ್ಷದ ಲೆಕ್ಕದಲ್ಲಿ ಪಿಸ್ತೂಲುಗಳು ಓಡಾಡಬೇಕು. ಆಗ ಕಳ್ಳನ ಜೊತೆಗೆ ಪಾರ್ಕಿಂಗಿಗೆ ಜಗಳ ತೆಗೆಯುವವನು, ಗಣಪತಿ ಮೆರವಣಿಗೆಯಲ್ಲಿ ಕುಡಿದು ಕುಣಿಯುವವನು, ಆಸ್ತಿ ಪಾಲಿಗೆ ಅಣ್ಣನ ಮೇಲೆ ಹಲ್ಲು ಕಡಿಯುವ ತಮ್ಮನೂ ಆ ಲಕ್ಷದಲ್ಲಿ ಇರುತ್ತಾರೆ.

ಆ ಪ್ರಯೋಗವನ್ನು ನಾವೇ ಮಾಡಿ ನೋಡಬೇಕಾಗಿಲ್ಲ; ಅಮೆರಿಕ ಮಾಡಿ ತೋರಿಸಿದೆ. ಅಲ್ಲಿ ಮರೆಯಲ್ಲಿ ಪಿಸ್ತೂಲು ಒಯ್ಯುವ ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು. ಫ್ಲಾರಿಡಾ 1987ರಲ್ಲಿ ಕೇಳಿದ ಅರ್ಹರಿಗೆಲ್ಲ ಪರವಾನಗಿ ಕೊಡತಕ್ಕದ್ದು ಎಂದ ಮೇಲೆ ಒಂದೊಂದೇ ರಾಜ್ಯ ಆ ದಾರಿ ಹಿಡಿಯಿತು. 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಬೇಡ ಎಂಬಲ್ಲಿಗೆ ಬಂದು ನಿಂತಿತು. ನಮ್ಮ ಕಾಯ್ದೆಯಂತೆಯೇ ತಕ್ಕ ಕಾರಣ ಕೊಡಿ ಎನ್ನುತ್ತಿದ್ದ ನ್ಯೂಯಾರ್ಕಿನ ನೂರು ವರ್ಷಕ್ಕೂ ಹಳೆಯ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ತಳ್ಳಿಹಾಕಿತು. ಫಲ ಏನು? ಸ್ಟ್ಯಾನ್‌ಫರ್ಡ್‌ನ ಜಾನ್ ಡಾನಹ್ಯೂ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಯಮ ಸಡಿಲಿಸಿದ ರಾಜ್ಯಗಳಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಹಿಂಸಾತ್ಮಕ ಅಪರಾಧ, ಸಡಿಲಿಸದಿದ್ದರೆ ಇರಬಹುದಾಗಿದ್ದುದಕ್ಕಿಂತ ಶೇ 13ರಿಂದ 15ರಷ್ಟು ಹೆಚ್ಚು. ಲಾಟ್ ಪಕ್ಷದವರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಸಂಖ್ಯಾಶಾಸ್ತ್ರದ ಆ ಜಗಳ ಮುಗಿದಿಲ್ಲ. ಆದರೆ ಎರಡೂ ಕಡೆಯ ಅಧ್ಯಯನಗಳನ್ನು ತೂಗಿ ನೋಡಿದ ರ‍್ಯಾಂಡ್ ಸಂಶೋಧನಾ ಸಂಸ್ಥೆಯೂ ಇಂಥ ಕಾನೂನುಗಳಿಂದ ಕೊಲೆಗಳು ಹೆಚ್ಚುವುದಕ್ಕೆ ಆಧಾರವಿದೆ ಎಂದೇ ಹೇಳಿದೆ. 2021ರಲ್ಲಿ ಆ ದೇಶದಲ್ಲಿ ಬಂದೂಕಿನಿಂದ ಸತ್ತವರು 48,830. ಇದರಲ್ಲಿ ಅರ್ಧಕ್ಕೂ ಹೆಚ್ಚು ಆತ್ಮಹತ್ಯೆಗಳು. ಆಯುಧ ಹೆಚ್ಚಾಗಿ ತಿರುಗಿದ್ದು ಹಿಡಿದವರ ಮೇಲೆಯೇ ಎಂಬ ಈ ಸಂಗತಿಯನ್ನು ಪಿಸ್ತೂಲಿನ ಪರ ವಾದಿಸುವವರು ಬಾಯಿಗೆ ತರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಕಲಬುರ್ಗಿಯವರನ್ನು ಕೊಂದವರು ಲೈಸೆನ್ಸ್ ಕೇಳಿದ್ದರೇ? ಕಾನೂನು ಕಟ್ಟಿಹಾಕುವುದು ಸಂಭಾವಿತರನ್ನು ಮಾತ್ರ ಅಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ದೇಶದಲ್ಲಿ ಗುಂಡಿನಿಂದ ನಡೆಯುವ ಕೊಲೆಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ಆಯುಧಗಳಿಂದ ನಡೆದವು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳೂ ಹೇಳುತ್ತವೆ. ಆದರೆ ಕಳ್ಳ ಪಿಸ್ತೂಲಿದೆ ಎಂಬುದರಿಂದ ಸಾಚಾ ಪಿಸ್ತೂಲು ಕಾಪಾಡುತ್ತದೆ ಎಂದು ಸಿದ್ಧವಾಗುವುದಿಲ್ಲ; ಬಾಗಿಲಲ್ಲಿ ಏನಾಯಿತು ಎಂಬುದನ್ನು ಆಗಲೇ ನೋಡಿದೆವು. ಇನ್ನೊಂದು ವಿಷಯ: ಸಾಚಾ ಪೇಟೆಗೂ ಕಳ್ಳ ಪೇಟೆಗೂ ನಡುವಿನ ಗೋಡೆ ತೆಳುವು. ಡಾನಹ್ಯೂ ತಂಡದ ನಂತರದ ಅಧ್ಯಯನ ಅಮೆರಿಕದ ದೊಡ್ಡ ನಗರಗಳನ್ನು ನೋಡಿ, ನಿಯಮ ಸಡಿಲವಾದ ಮೇಲೆ ಬಂದೂಕು ಕಳವು ಮೂರರಲ್ಲಿ ಒಂದು ಪಾಲಿನಷ್ಟು ಏರಿದ್ದನ್ನು ಕಂಡಿತು. ಕಾರಿನಲ್ಲಿ ಬಿಟ್ಟದ್ದು, ಮೇಜಿನ ಖಾನೆಯಲ್ಲಿ ಇಟ್ಟದ್ದು ಕಳ್ಳರ ಪಾಲಾಗುತ್ತದೆ. ನಮ್ಮಲ್ಲಿ ಕಾಗದವೇ ಕಳ್ಳದಾರಿ ಹಿಡಿದ ಉದಾಹರಣೆ ಇದೆ: ಜಮ್ಮು-ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ ಅಕ್ರಮವಾಗಿ ಹಂಚಲಾಯಿತು ಎನ್ನಲಾದ 2.78 ಲಕ್ಷಕ್ಕೂ ಹೆಚ್ಚು ಲೈಸೆನ್ಸುಗಳ ಬಗ್ಗೆ ಸಿಬಿಐ ತನಿಖೆ ನಡೆಸಿದೆ. ನಾಡ ಪಿಸ್ತೂಲಿನ ಪಿಡುಗಿಗೆ ಮದ್ದು ಅದನ್ನು ತಯಾರಿಸುವ ಕುಲುಮೆಗಳಲ್ಲಿ, ಸಾಗಿಸುವ ದಾರಿಗಳಲ್ಲಿ ಸಿಗಬೇಕು. 2019ರ ತಿದ್ದುಪಡಿ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. ಶಿಕ್ಷೆ ಪುಸ್ತಕದಲ್ಲಿದ್ದರೆ ಸಾಲದು, ಸಿಕ್ಕಿಬೀಳುವವರು ಬೈಕಿನ ಹಿಂದೆ ಕೂತ ಹುಡುಗರಷ್ಟೇ ಆಗಬಾರದು.

ಈ ಭಾಗದವರು ಆಯುಧದ ಮಾತು ಬಂದಾಗ ಹಲಗಲಿಯನ್ನು ನೆನೆಯುವುದು ಸಹಜ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಬ್ರಿಟಿಷರು ಊರನ್ನು ಸುಟ್ಟರು; ಡಿಸೆಂಬರ್‌ನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಬೇಡರ ಲಾವಣಿಯನ್ನು ಕೇಳಿ ಬೆಳೆದ ನಾಡಿನಲ್ಲಿ ಆಯುಧ ಬೇಡ ಎನ್ನುವುದು ದೊರೆತನದ ಪರ ಮಾತಾಡಿದಂತೆ ಕೇಳಿಸಬಹುದು. ಆದರೆ ಹಲಗಲಿಯವರು ಸೊಂಟದಲ್ಲಿ ಪಿಸ್ತೂಲು ಬಚ್ಚಿಟ್ಟುಕೊಂಡು ಪೇಟೆಯಲ್ಲಿ ಓಡಾಡುವ ಹಕ್ಕಿಗಾಗಿ ಸಾಯಲಿಲ್ಲ. ಬೇಟೆಯೇ ಬದುಕಾದವರ ಕೈಯಿಂದ, ಅವರನ್ನು ಒಂದು ಮಾತೂ ಕೇಳದ ಪರದೇಶಿ ಸರ್ಕಾರ ಹತಾರ ಕಸಿಯಹೊರಟಿತ್ತು. ಅವರ ಹತಾರ ಎಲ್ಲರ ಕಣ್ಣಿಗೂ ಕಾಣುವಂಥದ್ದು, ಅವರ ಜಗಳವೂ ಎದುರುಬದುರಿನದು. ಆಯುಧದಲ್ಲಿ ಕರಿಯ-ಬಿಳಿಯ ಭೇದ ಮಾಡಿದ 1878ರ ಕಾಯ್ದೆಯ ಕಹಿ ಕಾಂಗ್ರೆಸ್ಸಿಗೂ ಇತ್ತು. 1931ರ ಕರಾಚಿ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಅದು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಇದನ್ನೇ ತಿದ್ದುಪಡಿಯಾಗಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಐಸಿಎಸ್ ಬಿಟ್ಟು ಸುಭಾಷರ ಹಿಂದೆ ಹೋದ ಮನುಷ್ಯ, ಹಗುರವಾಗಿ ಮಾತಾಡುವವರಲ್ಲ. ಅಂಬೇಡ್ಕರ್ ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ದೇಶ ಹೊತ್ತಿ ಉರಿದು ವರ್ಷವಷ್ಟೇ ಕಳೆದಿತ್ತು, ಗಾಂಧಿಯ ಎದೆಗೆ ಪಿಸ್ತೂಲಿನ ಗುಂಡು ಹೊಕ್ಕು ವರ್ಷವೂ ತುಂಬಿರಲಿಲ್ಲ. ಆ ಪಿಸ್ತೂಲೂ ಪ್ರಾರ್ಥನಾ ಸಭೆಗೆ ಮರೆಯಲ್ಲೇ ಬಂದಿತ್ತು. ಕೊನೆಗೆ ಸಂವಿಧಾನದ 19ನೇ ವಿಧಿ ನಮಗೆ ಕೊಟ್ಟದ್ದು ಶಾಂತಿಯುತವಾಗಿ, ನಿರಾಯುಧವಾಗಿ ಸೇರುವ ಹಕ್ಕು. ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2023ರ ಫೆಬ್ರುವರಿಯಲ್ಲಿ, ಅಮೆರಿಕದಂತೆ ಇಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ ಎಂದು ನೆನಪಿಸಿತು.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ಅಲ್ಲೇನು ದಿನಾ ಹೆಣ ಬೀಳುತ್ತವೆಯೇ ಎಂದು ಕೇಳುವವರಿದ್ದಾರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸುವುದು ಮನೆತನದ ಉದ್ದ ಕೋವಿಯನ್ನು. ಐನ್‌ಮನೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರುವ, ಮನೆತನದವರೆಲ್ಲರ ಕಣ್ಗಾವಲಿನಲ್ಲಿರುವ ವಸ್ತು ಅದು. ಆ ಕಟ್ಟುಪಾಡು ಇಲ್ಲದ ಕಡೆಗೆ ವಿನಾಯಿತಿಯನ್ನಷ್ಟೇ ಹೊತ್ತು ತರಲಾಗದು.

ಹಾಗಾದರೆ ನಿಜವಾಗಿ ಜೀವಭಯ ಇರುವವರು ಏನು ಮಾಡಬೇಕು? ಜವಳಿ ಸಾಲಿನ ಬಂಗಾರದ ವ್ಯಾಪಾರಿ, ಅಮರಗೋಳದ ಎಪಿಎಂಸಿಯಿಂದ ಸಂಜೆ ನಗದು ಒಯ್ಯುವ ದಲಾಲ, ಭೂಗಳ್ಳರ ವಿರುದ್ಧ ಅರ್ಜಿ ಹಾಕಿದವನು, ಇವರ ಹೆದರಿಕೆ ಕಲ್ಪನೆಯದಲ್ಲ. ಕಾಯ್ದೆ ಇವರಿಗೆ ಬಾಗಿಲು ಮುಚ್ಚಿಲ್ಲ. ವೃತ್ತಿಯ ಸ್ವರೂಪದಿಂದ ಅಪಾಯ ಇರುವವರ ಅರ್ಜಿಯನ್ನು ಪರಿಗಣಿಸಲು ನಿಯಮಗಳಲ್ಲೇ ಅವಕಾಶವಿದೆ. ತೊಡಕು ಇರುವುದು ವೇಗದಲ್ಲಿ ಮತ್ತು ನಿಷ್ಪಕ್ಷಪಾತದಲ್ಲಿ. ಪೊಲೀಸ್ ವರದಿಗೂ ಅಂತಿಮ ತೀರ್ಮಾನಕ್ಕೂ ನಿಯಮಗಳು ಗಡುವು ಹಾಕಿವೆ. ಆ ಗಡುವು ಯಾರ ವಿಷಯದಲ್ಲಿ ಪಾಲನೆಯಾಗುತ್ತದೆ, ಯಾರ ಅರ್ಜಿ ಮೇಜಿನ ಮೇಲೆ ಧೂಳು ತಿನ್ನುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುವ ಗುಟ್ಟು. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಕೂಡದು ಎಂದು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಆದರೆ ಬಿಳಿ ಕಾರು, ಹಿಂದೆ ನಾಲ್ಕು ಹಿಂಬಾಲಕರು, ಅಂಗಿಯ ಕೆಳಗೆ ಉಬ್ಬು, ಇವು ಮೂರೂ ಕೂಡಿದರೆ ಗತ್ತು ಎಂದು ಬಗೆಯುವ ವರ್ಗವೊಂದು ಎಲ್ಲ ಜಿಲ್ಲೆಗಳಲ್ಲೂ ಬೆಳೆದಿದೆ. ಜೀವಭಯದ ಹೆಸರಿನಲ್ಲಿ ಪಡೆದದ್ದು ಜನರನ್ನು ಹೆದರಿಸುವ ಒಡವೆಯಾಗುತ್ತದೆ. ಲೈಸೆನ್ಸ್ ಸಡಿಲಿಸಿ ಎಂಬ ಕೂಗಿನಿಂದ ಮೊದಲು ಲಾಭವಾಗುವುದು ಇಂಥವರಿಗೆ. ದಲಾಲನ ಹಮಾಲನಿಗಂತೂ ಅಲ್ಲ.

ಈ ದುರುಪಯೋಗ ತಡೆಯಲು ಹೊಸ ಕಾಯ್ದೆ ಬೇಕಿಲ್ಲ. ನಿರಾಕರಿಸಿದಾಗ ಅಧಿಕಾರಿ ಕಾರಣ ಬರೆದಿಡಬೇಕು ಎಂದು ಕಾಯ್ದೆಯಲ್ಲಿದೆ. ಕೊಟ್ಟಾಗಿನ ಕಾರಣ ಮಾತ್ರ ಜನರ ಮುಂದೆ ಬರುವುದೇ ಇಲ್ಲ. ಹೆಸರು, ವಿಳಾಸ ಬೇಡ. ವರ್ಷಕ್ಕೆ ಎಷ್ಟು ಪಿಸ್ತೂಲಿನ ಅರ್ಜಿ ಬಂದವು, ಎಷ್ಟಕ್ಕೆ ಒಪ್ಪಿಗೆ, ಯಾವ ಬಗೆಯ ಕಾರಣಕ್ಕೆ, ಎಷ್ಟು ದಿನದಲ್ಲಿ, ಎಷ್ಟು ರದ್ದಾದವು, ಎಷ್ಟು ಕಳವಾದವು ಎಂಬ ಒಂದು ಪುಟದ ಲೆಕ್ಕವನ್ನು ಜಿಲ್ಲಾಡಳಿತವೂ ಪೊಲೀಸ್ ಕಮಿಷನರೇಟೂ ಪ್ರಕಟಿಸಲಿ. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಎಂದು ಬಿಗಿ ಮಾಡಿತು, ಜೊತೆಗೇ ಲೈಸೆನ್ಸಿನ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಐದು ವರ್ಷದಲ್ಲಿ ಬೆದರಿಕೆ ಹಾಕಿದವನು ಜೈಲು ಸೇರಿರಬಹುದು, ಸತ್ತೇ ಹೋಗಿರಬಹುದು. ಪಿಸ್ತೂಲು ಮಾತ್ರ ಸೊಂಟದಲ್ಲೇ ಇರುತ್ತದೆ. ಪ್ರತಿ ಚುನಾವಣೆಗೂ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳುವ ಪದ್ಧತಿ ಹೇಗೂ ಇದೆ. ಮಲೆನಾಡಿನ ರೈತರಿಗೆ ಅದು ಬೆಳೆ ಕಾಲದ ದೊಡ್ಡ ತಲೆನೋವು, ಅವರ ಕೋವಿಗೆ ರಿಯಾಯಿತಿ ಸಿಗಲೇಬೇಕು. ನಗರದ ಪಿಸ್ತೂಲುಗಳನ್ನು ಮರಳಿಸುವ ದಿನ ಮಾತ್ರ ಠಾಣಾಧಿಕಾರಿ ರಶೀದಿ ನೋಡಿ ಕೈಗೆ ಕೊಟ್ಟು ಕಳಿಸದೆ, ಲೈಸೆನ್ಸ್ ಕೊಟ್ಟಾಗ ಬರೆದ ಕಾರಣ ಈಗಲೂ ಉಳಿದಿದೆಯೇ ಎಂದು ಕಡತ ತೆರೆದು ಕೇಳಬಹುದು. ಉಳಿದಿಲ್ಲವಾದರೆ, ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಯ ದೃಷ್ಟಿಯಿಂದ ಅಗತ್ಯವೆನಿಸಿದರೆ ಪರವಾನಗಿಯನ್ನು ಅಮಾನತು ಮಾಡುವ ಅಧಿಕಾರ ಅದನ್ನು ಕೊಡುವ ಅಧಿಕಾರಿಗೆ 17ನೇ ಸೆಕ್ಷನ್ನಿನಲ್ಲಿ ಈಗಾಗಲೇ ಇದೆ.